ಅಕ್ಕನ ಮುಷ್ಟಿಯಲ್ಲಿ ಜಡೆ

“ಟೋಕನ್ ಮೂವತ್ತೆರಡು, ಒಳಗೆ ಬನ್ನಿ,” ಎಂದಳು ಅಕ್ಕ.

“ಅಕ್ಕಾ, ಇದು ಮನೆ ಕಣೇ,” ಎಂದಳು ಚೂಟಿ.

ಚೂಟಿ ಕನ್ನಡಿಯಲ್ಲಿ ನೋಡಿದಳು. ಹಿಂದೆ ಕೂತಿದ್ದ ಅಕ್ಕ ಗೋಡೆಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಚೂಟಿಯ ಬಲಗಡೆ ಜಡೆ ಮುಗಿದಿತ್ತು, ಆದರೆ ಅದರ ತುದಿ ಅಕ್ಕನ ಮುಷ್ಟಿಯಲ್ಲಿ ಭದ್ರವಾಗಿತ್ತು. ಎಡಗಡೆ ಕೂದಲು ಹಳೇ ಪೊರಕೆಯ ಹಾಗೆ ಕೆದರಿಕೊಂಡಿತ್ತು.

ಅಕ್ಕ ಹಗಲು ಯೂನಿವರ್ಸಿಟಿಯಲ್ಲಿ ಓದುತ್ತಾಳೆ. ಸಂಜೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೂತು ಟೋಕನ್ ಕೂಗುತ್ತಾಳೆ. ಮಿಕ್ಕ ಹೊತ್ತೆಲ್ಲ ಮನೆಯವರ ಕೆಲಸ. ನಿದ್ದೆಗೆ ಅಂತ ಏನೂ ಮಿಗುವುದಿಲ್ಲ. ಹೋದ ಸಲದ ಪರೀಕ್ಷೆಯಲ್ಲಂತೂ ತೂಕಡಿಸುತ್ತ, ಉತ್ತರಪತ್ರಿಕೆಯ ತುಂಬ ‘ಖಾಲಿ ಹೊಟ್ಟೆಯಲ್ಲಿ ಬರಬೇಕು’ ಎಂದು ಬರೆದು ಫೇಲಾಗಿದ್ದಳು. ಇವತ್ತು ಹತ್ತು ಗಂಟೆಗೆ ಮತ್ತೆ ಅದೇ ಪೇಪರು.

“ಇದೂ ಹೋದ್ರೆ ಓದಿಗೆ ಕೈ ಮುಗಿದುಬಿಡ್ತೀನಿ,” ಎಂದು ನಿನ್ನೆ ಊಟಕ್ಕೆ ಕೂತಾಗ ಹೇಳಿದ್ದಳು. ಅದನ್ನು ಕೇಳಿ ಚೂಟಿ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಬಿಟ್ಟು ಎದ್ದಿದ್ದಳು.

ಈಗ ಜಡೆ ಎಳೆದರೆ ಅಕ್ಕ ಎದ್ದುಬಿಡುತ್ತಾಳೆ. ಎಳೆಯದಿದ್ದರೆ ಚೂಟಿಗೆ ಸ್ಕೂಲಿಗೆ ಲೇಟು. ಅವಳೋ ಐದನೇ ಕ್ಲಾಸಿನ ಲೀಡರ್. ಲೇಟಾಗಿ ಬಂದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವಳೇ ಅವಳು!

ಗಡಿಯಾರದಲ್ಲಿ ಏಳೂವರೆ. ಚೂಟಿ ಅಲ್ಲಾಡದೆ ಕೂತಳು. ಅಮ್ಮ ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು.

ಅಪ್ಪ ಬಂದರು. ಅವರು ಬಸ್ ಡ್ರೈವರ್. ಒಂದು ಕೈಯಲ್ಲಿ ಯೂನಿಫಾರಂ ಷರ್ಟು, ಇನ್ನೊಂದರಲ್ಲಿ ಕಿತ್ತುಹೋದ ಗುಂಡಿ. “ಮಗಳೇ, ಈ ಗುಂಡಿ ಒಂಚೂರು...”

“ಶ್! ಟೋಕನ್ ತಗೊಂಡು ಕೂತ್ಕೊಳ್ಳಿ ಅಪ್ಪಾ.” ಚೂಟಿ ರಫ್ ನೋಟ್‌ಬುಕ್ಕಿನ ಮೂಲೆ ಹರಿದು ‘1’ ಎಂದು ಬರೆದು ಕೊಟ್ಟಳು. ಅಪ್ಪ ಕಕ್ಕಾಬಿಕ್ಕಿಯಾಗಿ ಸ್ಟೂಲಿನ ಮೇಲೆ ಕೂತರು.

ಕಣ್ಣಿಗೆ ಹಾಕುವ ಡ್ರಾಪ್ಸ್ ಹಿಡಿದುಕೊಂಡು ಅಜ್ಜಿ ಬಂದರು. ಅವರಿಗೆ ಎರಡನೇ ಟೋಕನ್.

“ಈ ಮನೆಗೆ ಬಂದು ಐವತ್ತು ವರ್ಷ ಆಯ್ತು, ನನಗೂ ಟೋಕನ್ನಾ?” ಎಂದು ಅಜ್ಜಿ ಪಿಸುದನಿಯಲ್ಲೇ ರೇಗಿದರು.

“ವಯಸ್ಸಾದೋರಿಗೆ ಚೇರ್ ಇದೆ ಅಜ್ಜಿ. ಆದ್ರೆ ಕ್ಯೂ ಒಂದೇ.”

ಮೂರನೆಯವರು ಪಕ್ಕದ ಮನೆಯ ಪ್ಲಂಬರ್ ಮಾಮ. ಮೊಬೈಲಿನ ಪಾಸ್‌ವರ್ಡ್ ಮರೆತು ಬಂದಿದ್ದರು. ಅವರು ಹೊಸಿಲು ದಾಟುವುದಕ್ಕೂ ಅಕ್ಕ ನಿದ್ದೆಯಲ್ಲಿ, “ಖಾಲಿ ಹೊಟ್ಟೇನಾ?” ಎನ್ನುವುದಕ್ಕೂ ಸರಿಹೋಯಿತು.

“ಅಯ್ಯೋ, ತಿಂಡಿ ತಿಂದ್ಬಿಟ್ಟೆನಲ್ಲಮ್ಮಾ!” ಎಂದು ಮಾಮ ಹೊಟ್ಟೆ ಮುಟ್ಟಿಕೊಂಡರು.

ಮಾಮನಿಗೂ ಟೋಕನ್ ಕೊಟ್ಟ ಮೇಲೆ ಚೂಟಿ ಇನ್ನೊಂದು ಚೀಟಿ ಹರಿದಳು. ಎಡಗಡೆ ಜಡೆ ಬಾಕಿ ಇತ್ತಲ್ಲ! ‘4’ ಎಂದು ಬರೆದು ಕನ್ನಡಿಯ ಮುಂದೆ ಇಟ್ಟುಕೊಂಡಳು.

ಎಷ್ಟು ಹೊತ್ತು ಅಂತ ಕಾಯುವುದು? ಕೂತು ಕೂತು ಬೇಜಾರಾಗಿ ಅಪ್ಪ ಸೂಜಿ ದಾರ ಹುಡುಕಿದರು. ದಾರ ಪೋಣಿಸಿದವರು ಪ್ಲಂಬರ್ ಮಾಮ. ಮೂರು ಸಲ ಚುಚ್ಚಿಸಿಕೊಂಡ ಅಪ್ಪ, ಕೂಗಲೂ ಆಗದೆ, ಬೆರಳು ಬಾಯಲ್ಲಿಟ್ಟುಕೊಂಡು ಗುಂಡಿ ಹಾಕಿದರು. ಆಮೇಲೆ ಅಜ್ಜಿಯ ಕಣ್ಣಿಗೆ ಡ್ರಾಪ್ಸ್ ಬಿಟ್ಟರು. ಮೊದಲ ಹನಿ ಮೂಗಿಗೆ ಬಿತ್ತು.

“ಪಾಸ್‌ವರ್ಡಿಗೆ ಹೆಂಡ್ತಿ ಹುಟ್ಟಿದ ದಿನ ಹಾಕಿ ನೋಡಪ್ಪ,” ಎಂದರು ಅಜ್ಜಿ.

“ಮರೆತಿರೋದೇ ಅದನ್ನಲ್ವಾ ಅಜ್ಜಿ!”

“ಹಾಗಾದ್ರೆ ಹೋಗಿ ಅವಳನ್ನೇ ಕೇಳು. ಏಟು ಬಿದ್ರೆ ಲ್ಯಾಬಿಗೆ ಬರೋವಂತೆ.”

ಎಂಟೂವರೆಗೆ ಕ್ಯೂನಲ್ಲಿ ಯಾರೂ ಉಳಿದಿರಲಿಲ್ಲ. ದೂರದಲ್ಲಿ ಸ್ಕೂಲ್ ಬೆಲ್ ಹೊಡೆಯಿತು. ಚೂಟಿಗೆ ಕತ್ತು ನೋಯುತ್ತಿತ್ತು, ಅಳುವೂ ಬರುತ್ತಿತ್ತು. ಆದರೂ ಕೂತೇ ಇದ್ದಳು.

ಒಂಬತ್ತಕ್ಕೆ ಸರಿಯಾಗಿ ಚೂಟಿಯೇ ಕೂಗಿದಳು, “ಟೋಕನ್ ಮೂವತ್ಮೂರು!”

“ರಿಪೋರ್ಟ್ ಸಂಜೆ ಸಿಗುತ್ತೆ!” ಎನ್ನುತ್ತ ಅಕ್ಕ ಧಡಕ್ಕನೆ ಎದ್ದಳು.

“ಪರೀಕ್ಷೆಗೆ ಇನ್ನೂ ಒಂದು ಗಂಟೆ ಇದೆ. ಹೋಗಿ ಮುಖ ತೊಳ್ಕೋ.”

ಚೂಟಿ ಒಂದೇ ಜಡೆಯಲ್ಲಿ ಸ್ಕೂಲಿಗೆ ಓಡಿದಳು. ಇಡೀ ಕ್ಲಾಸು ಗೊಳ್ಳೆಂದಿತು. ಬೋರ್ಡಿನ ಮೇಲೆ ತನ್ನ ಹೆಸರನ್ನು ತಾನೇ ದುಂಡಗೆ ಬರೆದು, ಹೋಗಿ ಬಾಗಿಲಾಚೆ ನಿಂತಳು.

ಸಂಜೆ ಲ್ಯಾಬಿಗೆ ಹೊರಡುವ ಮುಂಚೆ ಅಕ್ಕ ಮನೆಗೆ ಬಂದಳು. “ಪೂರ್ತಿ ಬರೆದೆ ಕಣೇ! ಹೊಟ್ಟೆ ವಿಷಯ ಒಂದು ಕಡೇನೂ ಬರಲಿಲ್ಲ,” ಎಂದು ನಕ್ಕಳು. ಅಲ್ಲಿ ಇಲ್ಲಿ ಬಿದ್ದಿದ್ದ ಚೀಟಿಗಳನ್ನು ಆರಿಸತೊಡಗಿದಳು. ಬೆಳಗಿನ ಕತೆಯನ್ನೆಲ್ಲ ಅಜ್ಜಿ ಆಗಲೇ ಹೇಳಿಯಾಗಿತ್ತು.

“ಒಂದು ಅಪ್ಪ, ಎರಡು ಅಜ್ಜಿ, ಮೂರು ಮಾಮ. ಈ ನಾಲ್ಕು ಯಾರದು?”

ಚೂಟಿ ಚೀಟಿಯನ್ನೇ ನೋಡಿದಳು. ಕ್ಯೂ ನಡೆಸಿದವಳು ಅವಳು. ತಾನೂ ಅದೇ ಕ್ಯೂನಲ್ಲಿ ಇದ್ದದ್ದು ಈಗ ಕಣ್ಣಿಗೆ ಬಿತ್ತು.

“ನಂದು. ಎಡಗಡೆ ಜಡೆಗೆ,” ಎಂದಳು ಮೆಲ್ಲಗೆ.

“ಬಾ ಮತ್ತೆ.” ಅಕ್ಕ ಬಾಚಣಿಗೆ ಎತ್ತಿಕೊಂಡು ಅವಳ ಹಿಂದೆ ಕೂತಳು. ಕನ್ನಡಿಯಲ್ಲಿ ಅಕ್ಕನ ಕಣ್ಣು ಆಗಲೇ ಎಳೆಯುತ್ತಿತ್ತು.

ಚೂಟಿ ಬಾಚಣಿಗೆ ಇಸಿದುಕೊಂಡಳು. ಎಡಗಡೆ ಕೂದಲನ್ನು ಮೂರು ಪಾಲು ಮಾಡಿ ತಾನೇ ಹೆಣೆಯತೊಡಗಿದಳು. ಜಡೆ ಕಿವಿಯ ಮೇಲಿಂದ ಸೊಟ್ಟಗೆ ಹೊರಟಿತು. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಈ ಸಲ ಅವಳ ಮುಷ್ಟಿಯಲ್ಲಿ ಏನೂ ಇರಲಿಲ್ಲ.