ಎರಡು ಬೆರಳಿನ ಸಂದು

ಒಂದಾನೊಂದು ಕಾಲದಲ್ಲಿ, ಅಂದರೆ ತೀರಾ ಈಚೆಗೆ, ಒಂದು ಊರಿತ್ತು. ಆ ಊರಿನಲ್ಲಿ ಮನುಷ್ಯರಿಗಿಂತ ಮರಗಳಿಗೆ ಕಾಯಿದೆ ಹೆಚ್ಚು. ಮರದ ಸುತ್ತಳತೆ ಅರವತ್ತು ಸೆಂಟಿಮೀಟರ್ ದಾಟಿದ ದಿನ ಅದಕ್ಕೊಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೊಂದು ನಂಬರು. ಆಮೇಲೆ ಅದರ ಮೈಗೆ ಕೊಡಲಿ ತಾಗಬೇಕಾದರೆ ಅರ್ಜಿ, ಪರಿಶೀಲನೆ, ಕಾಂಡಕ್ಕೆ ಹತ್ತು ದಿನ ನೋಟಿಸು, ಆಕ್ಷೇಪಣೆ ಬಂದರೆ ವಿಚಾರಣೆ, ಕೊನೆಗೆ ವೃಕ್ಷಾಧಿಕಾರಿಯ ಆದೇಶ. ಏಳು ಬಾಗಿಲು ದಾಟಿದ ಮೇಲೆ ರಾಕ್ಷಸನ ಪ್ರಾಣ ಸಿಗುವ ಹಾಗೆ.

ಆ ಊರಿನ ಠಾಣೆಯಲ್ಲೊಬ್ಬಳು ಇನ್‌ಸ್ಪೆಕ್ಟರ್. ಅವಳು ಕುರ್ಚಿಯಲ್ಲಿ ಐದು ನಿಮಿಷ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅವಳ ತಾಯಿಯೇ ಹೇಳುತ್ತಿದ್ದರು.

ಎಂಟನೇ ತಾರೀಖು, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನಿವೃತ್ತ ಭೂಗೋಳದ ಟೀಚರ್ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಇನ್ನೂ ಊರಿನಿಂದ ತಂದ ಚೀಲವಿತ್ತು.

"ನನ್ನ ಮರ ಕಾಣೆಯಾಗಿದೆ," ಅಂದರು.

ಹೆಡ್ ಕಾನ್‌ಸ್ಟೇಬಲ್ ತಲೆಯೆತ್ತದೆ ಕಾಣೆಯಾದವರ ನಮೂನೆ ಎಳೆದುಕೊಂಡ. ಇಲಾಖೆಯಲ್ಲೇ ಅಂದವಾಗಿ ಪಂಚನಾಮೆ ಬರೆಯುವವನು ಅವನು, ಆದ್ದರಿಂದ ಅವನ ಹೆಸರೂ ಪಂಚನಾಮೆ ಎಂದೇ ಆಗಿತ್ತು. "ವಯಸ್ಸು?"

"ನಲವತ್ತಾರು."

"ಕೊನೆಯ ಸಲ ಕಂಡಾಗ ಬಟ್ಟೆ ಯಾವ ಬಣ್ಣ?"

"ಹಸಿರು," ಅಂದರು ಟೀಚರ್, ಕ್ಲಾಸಿನಲ್ಲಿ ನಿದ್ದೆ ಹೊಡೆಯುವವನನ್ನು ನೋಡುವಂತೆ ನೋಡಿ. "ನಾಲ್ಕು ದಿನ ತಂಗಿ ಮನೆಗೆ ಹೋಗಿದ್ದೆ. ಬಂದು ನೋಡಿದ್ರೆ ಮನೆ ಮುಂದೆ ಬರೀ ಬುಡ. ಮುನ್ನೂರ ಹದಿನೇಳನೇ ನಂಬರಿನ ಮರ. ನೋಟಿಸು ಇಲ್ಲ, ಏನೂ ಇಲ್ಲ."

ಹತ್ತು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದೂಕಾಲಿಗೆ ಇನ್‌ಸ್ಪೆಕ್ಟರ್ ಬುಡದ ಮುಂದೆ ನಿಂತಿದ್ದಳು. ಅಗಲ ಎಪ್ಪತ್ತೆಂಟು ಸೆಂಟಿಮೀಟರ್. ಸುತ್ತ ಹಿಟ್ಟು ಚೆಲ್ಲಿದಂತೆ ಬಿಳಿ ಗರಗಸದ ಪುಡಿ. ಸೀಳಿಲ್ಲ, ಹುಳುಕಿಲ್ಲ. ಎದುರಿಗೆ ಶಾಲೆಯ ವ್ಯಾನಿಗೆ ಮಕ್ಕಳು ಕಾಯುವ ಕಲ್ಲಿನ ಬೆಂಚು. ಅದರ ಮೇಲೆ ಈಗ ಬಿಸಿಲು ಕಾಲು ಚಾಚಿ ಮಲಗಿತ್ತು.

"ಆರೋಗ್ಯವಂತ ಮರ ಅಂತ ಬರೀಲಾ ಮೇಡಂ?" ಅಂದ ಪಂಚನಾಮೆ.

"ಕಂಡದ್ದನ್ನ ಬರಿ. ಆರೋಗ್ಯ ಡಾಕ್ಟರು ಬರೀತಾರೆ."

ಪಕ್ಕದ ಮನೆಯ ಯಜಮಾನ ಗೇಟಿನೊಳಗಿಂದಲೇ ಉತ್ತರ ಕೊಟ್ಟ. ಅವನ ಕಾರಿನ ಮೇಲೆ ಎಲೆ ಬೀಳುತ್ತದೆಂದು ಟೀಚರೊಂದಿಗೆ ಹತ್ತು ವರ್ಷದ ಜಗಳ.

"ನಾನು ಕೇಳಿದ್ದು ಒಂದು ರೆಂಬೆ ಮೇಡಂ. ಮರವಲ್ಲ."

"ಕಡಿಯುವಾಗ ಯಾಕೆ ತಡೀಲಿಲ್ಲ?"

"ಆದೇಶ ತೋರಿಸಿದ್ರು. ಮುನ್ನೂರ ಹನ್ನೆರಡು. ಮರದ ಮೇಲೂ ಮುನ್ನೂರ ಹನ್ನೆರಡು ಅಂತಲೇ ಇತ್ತು. ಶುಕ್ರವಾರ ಹತ್ತು ಗಂಟೆಗೆ ಶುರು ಮಾಡಿದ್ರು."

ಇನ್‌ಸ್ಪೆಕ್ಟರ್ ಆಗಲೇ ಜೀಪಿನ ಕಡೆ ನಡೆದಿದ್ದಳು.

ಮರ ಕಡಿಯುವ ಗುತ್ತಿಗೆದಾರನ ಅಂಗಳದಲ್ಲಿ ದಿಮ್ಮಿಗಳು ಒಂದರ ಮೇಲೊಂದು ಮಲಗಿದ್ದವು. ಅವನು ಆದೇಶದ ಪ್ರತಿಯನ್ನು ಮೊದಲೇ ಹಿಡಿದು ನಿಂತಿದ್ದ.

"ಆದೇಶ ಒಣಗಿದ ಮರಕ್ಕೆ ಅಂತಿದೆ. ಅದು ಹಸಿರಾಗಿತ್ತು. ಕಾಣಲಿಲ್ವಾ?"

"ಕಂಡ್ತು ಮೇಡಂ."

"ಮತ್ತೆ?"

"ಹೋದ ವರ್ಷ ನನ್ನ ಸ್ವಂತ ಬುದ್ಧಿ ಉಪಯೋಗಿಸಿ ನಂಬರು ಬಿಟ್ಟು ಪಕ್ಕದ ಒಣಮರ ಕಡಿದೆ. ಆರು ತಿಂಗಳು ಲೈಸೆನ್ಸ್ ಅಮಾನತು ಮಾಡಿದ್ರು. ಅವತ್ತಿಂದ ಬುದ್ಧೀನ ಮನೇಲೇ ಬಿಟ್ಟು ಬರ್ತೀನಿ. ನಂಬರು ನೋಡ್ತೀನಿ, ಕಡೀತೀನಿ, ಬಿಲ್ಲೆ ಕಿತ್ತು ಕಚೇರಿಗೆ ಕೊಡ್ತೀನಿ."

"ಕಡಿಯುವಾಗ ಅಲ್ಲಿ ಬೇರೆ ಯಾರಿದ್ರು?"

"ದಾರಿಹೋಕರು. ಇಲಾಖೆಯಲ್ಲಿ ಮರಕ್ಕೆ ನಂಬರು ಹಾಕೋ ನಂಬರಣ್ಣ ಸ್ವಲ್ಪ ಹೊತ್ತು ನಿಂತಿದ್ದ. ಮಾತಾಡಲಿಲ್ಲ, ಹೋದ."

ಹಾಗಾದರೆ ನಿಜವಾದ ಮುನ್ನೂರ ಹನ್ನೆರಡು ಎಲ್ಲಿ? ಅದೇ ಬೀದಿಯಲ್ಲಿ, ಎಪ್ಪತ್ತು ಹೆಜ್ಜೆ ಆಚೆ, ಚಿಕಿತ್ಸಾಲಯದ ಗೇಟಿನ ಪಕ್ಕ ನಿಂತಿತ್ತು. ಅದೇ ಜಾತಿ, ಅದೇ ಪ್ರಾಯ. ಆದರೆ ಮೈಮೇಲೆ ಒಂದೆಲೆಯಿಲ್ಲ, ತೊಗಟೆ ಹಳೇ ಗೋಡೆಯ ಸುಣ್ಣದಂತೆ ಕಳಚಿ ನೇತಾಡುತ್ತಿತ್ತು. ಬಿಲ್ಲೆ ಮಾತ್ರ ಮುನ್ನೂರ ಹದಿನೇಳು. ಹೊಸ ಮೊಳೆಗಳು ಹೊಳೆಯುತ್ತಿದ್ದವು.

ಮರದ ಕೆಳಗೆ ಟಾರ್ಪಾಲಿನ ನೆರಳಲ್ಲಿ ಒಬ್ಬ ಹೊಲಿಗೆಯಮ್ಮ ಯಂತ್ರ ತುಳಿಯುತ್ತಿದ್ದಳು.

"ಇಲ್ಲಿಂದ ಸ್ವಲ್ಪ ದಿನ ಎದ್ದುಬಿಡಮ್ಮ. ಇದು ಬೀಳೋ ಹಾಗಿದೆ."

"ಗೊತ್ತಿಲ್ವಾ ನನಗೆ? ಗಾಳಿ ಬಂದಾಗಲೆಲ್ಲ ಬುಡ ಕಿರ್ರ್ ಅಂತದೆ." ಅವಳು ಡಬ್ಬಿಯಿಂದ ಮಡಚಿದ ಕಾಗದ ತೆಗೆದಳು. "ನನ್ನ ಪರವಾನಗಿ ಓದಿ. ಮರ ಸಂಖ್ಯೆ ಮುನ್ನೂರ ಹನ್ನೆರಡರ ಕೆಳಗೆ ಅಂತಿದೆ. ಎದ್ದು ಹೋದ್ರೆ ರದ್ದು. ಆದೇಶ ಆಯ್ತು, ಕಡೀತಾರೆ, ಬುಡದ ಪಕ್ಕ ಕೂತ್ಕೋ ಅಂದ್ರು. ಈಗ ಕಡಿದಾಯ್ತು ಅಂತಾರೆ. ಮರ ತಲೆ ಮೇಲೇ ಇದೆ. ಶನಿವಾರ ಬಂದ ಕಚೇರಿಯವನು ಬಿಲ್ಲೆ ನೋಡಿ, ನೀನು ತಪ್ಪು ಮರದ ಕೆಳಗೆ ಕೂತಿದ್ದೀಯ ಅಂದ. ಹನ್ನೊಂದು ವರ್ಷದಿಂದ ನಾನು ಅಲ್ಲಾಡಿಲ್ಲ ಮೇಡಂ. ಮರವೇ ಎದ್ದು ಹೋಗಿ ಬಂತೇನೋ, ನನಗೆ ಗೊತ್ತಿಲ್ಲ."

ಪಂಚನಾಮೆಗೆ ನಗು ಬಂತು. ಇನ್‌ಸ್ಪೆಕ್ಟರಿಗೆ ಬರಲಿಲ್ಲ. ಚಿಕಿತ್ಸಾಲಯದಿಂದ ಒಬ್ಬಳು ಬಾಣಂತಿ ಕೂಸನ್ನು ಎದೆಗವಚಿಕೊಂಡು ಅದೇ ಮರದ ಕೆಳಗೆ ಹಾದುಹೋದಳು. ಮೇಲಿಂದ ಒಂದು ಒಣಕಡ್ಡಿ ಬಿತ್ತು.

"ಬೀಳೋ ಮುಂಚೆ ಇದನ್ನ ಇಳಿಸ್ತೀನಿ," ಅಂದಳು ಇನ್‌ಸ್ಪೆಕ್ಟರ್.

"ಎಲ್ಲರೂ ಹೇಳ್ತಾರೆ," ಅಂದಳು ಹೊಲಿಗೆಯಮ್ಮ, ಸೂಜಿಗೆ ದಾರ ಪೋಣಿಸುತ್ತ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಹವಾಮಾನದ ಸೂಚನೆ ಠಾಣೆಗೆ ಬಂತು: ಬುಧವಾರ ಸಂಜೆಯ ನಂತರ ಬಿರುಗಾಳಿ. ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ವೃಕ್ಷಾಧಿಕಾರಿಯ ಕೋಣೆಯಲ್ಲಿ, ಕುರ್ಚಿ ಕೊಟ್ಟರೂ ಕೂರದೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದಳು.

"ಆ ಒಣಮರ ಇವತ್ತೇ ತೆಗೆಸಿ."

"ಯಾವ ಮರ?" ಅಂದ ವೃಕ್ಷಾಧಿಕಾರಿ. ಕೆಟ್ಟವನಲ್ಲ, ದಣಿದವನು. "ಮುನ್ನೂರ ಹನ್ನೆರಡು ತೆಗೆದಾಯ್ತು, ಬಿಲ್ಲೆ ವಾಪಸ್ ಬಂದಿದೆ. ಅಲ್ಲಿ ನಿಂತಿರೋದು ದಾಖಲೆ ಪ್ರಕಾರ ಮುನ್ನೂರ ಹದಿನೇಳು. ಅದಕ್ಕೆ ಆದೇಶವಿಲ್ಲ."

"ಕಣ್ಣಿಗೆ ಕಾಣ್ತಿದೆಯಲ್ಲ."

"ಕಣ್ಣಿಗೆ ಕಂಡದ್ದಕ್ಕೆ ನಾನು ಸಹಿ ಹಾಕೋ ಹಾಗಿದ್ರೆ ಈ ಊರಲ್ಲಿ ಒಂದು ಮರವೂ ಉಳೀತಿರಲಿಲ್ಲ ಮೇಡಂ. ಬಿಲ್ಲೆ ಅದಲುಬದಲಾಗಿದೆ, ಇಂಥವರು ಮಾಡಿದ್ದು ಅಂತ ಪೊಲೀಸ್ ವರದಿ ಕೊಡಿ, ಒಂದು ಗಂಟೇಲಿ ತೆಗೆಸ್ತೀನಿ. ಇಲ್ಲಾ ಅಪಾಯದ ಮರ ಅಂತ ಪರೀಕ್ಷಕನ ಸಹಿ ಬೇಕು. ನಮ್ಮ ಪರೀಕ್ಷಕ ಹೋದ ಶುಕ್ರವಾರ ಮಧ್ಯಾಹ್ನದಿಂದ ರಜೆಯಲ್ಲಿದ್ದಾನೆ."

ವಾಪಸ್ ಬಂದ ಬಿಲ್ಲೆಗಳು ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಮುನ್ನೂರ ಹನ್ನೆರಡಕ್ಕೆ ಎರಡು ಹೊಸ ಮೊಳೆಗಳು ಸಿಕ್ಕಿಕೊಂಡೇ ಇದ್ದವು. ಅವಳು ತಿರುಗಿಸಿ ನೋಡಿದಳು. ಬಿಲ್ಲೆ ಮೊಳೆಯ ತಲೆಯ ಹತ್ತಿರವಿತ್ತು, ಮರದೊಳಗೆ ಹೋಗಿದ್ದ ಗುರುತು ಮೊಳೆಯ ಅರ್ಧಕ್ಕಿಂತ ಕೆಳಗೆ. ನಿನ್ನೆ ಒಣಮರದ ಮೇಲೂ ಹಾಗೇ: ಬಿಲ್ಲೆ ತೊಗಟೆಗೆ ಅಂಟದೆ ಗಾಳಿಗೆ ಟಕಟಕ ಅನ್ನುತ್ತಿತ್ತು.

"ಮೊಳೆ ಪೂರ್ತಿ ಯಾಕೆ ಹೊಡೆಯೋದಿಲ್ಲ?"

"ಎರಡು ಬೆರಳಿನ ಸಂದು ಬಿಡಬೇಕು. ಮರ ದಪ್ಪವಾಗ್ತಾ ಹೋಗುತ್ತೆ, ಜಾಗ ಇಲ್ಲದಿದ್ರೆ ಬಿಲ್ಲೇನ ನುಂಗಿಬಿಡುತ್ತೆ. ನಮ್ಮ ನಂಬರಣ್ಣನ ಪದ್ಧತಿ. ಇಪ್ಪತ್ತೆಂಟು ವರ್ಷದಿಂದ ಊರಿನ ಬಿಲ್ಲೆಯೆಲ್ಲ ಅವನ ಕೈಯದೇ. ಪರೀಕ್ಷಕನೂ ಅವನೇ."

ಇನ್‌ಸ್ಪೆಕ್ಟರ್ ಓಡಾಡುವುದನ್ನು ನಿಲ್ಲಿಸಿದಳು. ಜೀವವಿರುವ ಮರಕ್ಕೆ ಬೆಳೆಯಲು ಜಾಗ ಬೇಕು. ಸತ್ತ ಮರಕ್ಕೆ ಯಾಕೆ? ಕಳ್ಳನಾದವನು ಒಂದೇ ಏಟಿಗೆ ಬುಡದವರೆಗೂ ಹೊಡೆದು ಓಡುತ್ತಾನೆ. ಸತ್ತ ಮರವೂ ಬೆಳೆದೀತು ಎಂದು ಸಂದು ಬಿಡುವ ಕೈ, ತಲೆಯನ್ನು ಕೇಳದೆ ಕೆಲಸ ಮಾಡುವ ಕೈ. ಅಂಥದ್ದು ಈ ಊರಿನಲ್ಲಿ ಒಂದೇ ಇತ್ತು.

"ಮುನ್ನೂರ ಹದಿನೇಳರ ಕಡತ ಕೊಡಿ."

ಕಡತದಲ್ಲಿ ನಂಬರಣ್ಣನ ಮೂರು ವರದಿಗಳಿದ್ದವು. ಮೊದಲನೆಯದು ಅಚ್ಚುಕಟ್ಟು: 'ತಟ್ಟಿದಾಗ ಟೊಳ್ಳು ಸದ್ದು. ಕೆಳಗೆ ಮಕ್ಕಳು ಕೂರುತ್ತಾರೆ. ತೆಗೆಯುವುದು ಒಳಿತು.' ಮೂರನೆಯದರಲ್ಲಿ ಅಕ್ಷರ ಓರೆಯಾಗಿ ಅಂಚಿನವರೆಗೂ ಓಡಿತ್ತು. ಮೂರರ ಕೆಳಗೂ ವೃಕ್ಷಾಧಿಕಾರಿಯ ಒಂದೇ ಷರಾ: 'ಮರ ಹಸಿರಾಗಿದೆ. ತಿರಸ್ಕರಿಸಿದೆ.'

ಅವತ್ತು ಎರಡು ಸಲ ಹೋದಾಗಲೂ ನಂಬರಣ್ಣನ ಮನೆಗೆ ಬೀಗವಿತ್ತು. ಬುಧವಾರ ಬೆಳಿಗ್ಗೆ ಏಳೂ ಐವತ್ತಕ್ಕೆ ಮತ್ತೆ ಅದೇ ಮನೆ. ಎರಡು ಕೋಣೆ, ಒಗೆದ ಬಟ್ಟೆಯ ವಾಸನೆ, ಗೋಡೆಯ ಮೇಲೆ ನಿಂತುಹೋದ ಗಡಿಯಾರ. ಹೆಂಡತಿ ಬಾಗಿಲು ತೆಗೆದು, ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ನೆಂಟರು ಬಂದಂತೆ ಸರಿದು ದಾರಿ ಬಿಟ್ಟಳು.

"ಹಿಂದಿದ್ದಾರೆ. ತಟ್ತಾ ಇದ್ದಾರೆ."

"ಏನನ್ನ?"

"ಈಗ ಕಟ್ಟಿಗೆಯ ಪೆಟ್ಟಿಗೆ. ಎರಡು ವರ್ಷದಿಂದ ಇದೇ ಆಗಿದೆ ಕಣಮ್ಮ. ಬಾಗಿಲು ತಟ್ತಾರೆ, ಮಂಚದ ಕಾಲು ತಟ್ತಾರೆ, ಒಂದಿನ ನನ್ನ ಬೆನ್ನೂ ತಟ್ಟಿ ಕಿವಿಗೊಟ್ಟರು. ನಾನು ಗಟ್ಟಿ ಇದ್ದೀನಿ ಮಾರಾಯ, ಮಲಗು ಅಂದೆ." ಅವಳು ನಗಲು ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ನಂಬರಣ್ಣ ಮರದ ಸುತ್ತಿಗೆಯನ್ನು ಕೆಳಗಿಟ್ಟು ಎದ್ದು ನಿಂತ. ಸಣ್ಣ ಆಳು, ದೊಡ್ಡ ಕೈಗಳು. ಅಂಗಿಯ ಜೇಬಿನಿಂದ ಎರಡು ಹೊಸ ಮೊಳೆಗಳ ತಲೆ ಇಣುಕುತ್ತಿತ್ತು.

ಒಂಬತ್ತು ಗಂಟೆಗೆ ಠಾಣೆಯಲ್ಲಿ ವಿಚಾರಣೆ.

"ಬಿಲ್ಲೆ ಯಾವಾಗ ಬದಲಿಸಿದಿರಿ?"

"ಹೋದ ಗುರುವಾರ ಬೆಳಿಗ್ಗೆ ಆರೂವರೆ. ಹೊಲಿಗೆಯಮ್ಮ ಬರೋ ಮುಂಚೆ."

"ನಾನೇ ಅಂತ ಒಪ್ಪಿಕೊಂಡು ಬಿಟ್ಟಿರಲ್ಲ."

"ಮೊಳೆ ನೋಡಿರ್ತೀರಿ. ಹೊಡೆದಾದ ಮೇಲೆ ನನಗೇ ಹೊಳೀತು, ಸತ್ತದ್ದಕ್ಕೆ ಸಂದು ಬಿಟ್ಟೆನಲ್ಲ ಅಂತ. ಮತ್ತೆ ಹೊಡೆಯೋಕೆ ಕೈ ಬರಲಿಲ್ಲ."

"ಯಾಕೆ ಮಾಡಿದಿರಿ?"

ಅವನು ಮೇಜಿನ ಅಂಚನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕೈ ಹಿಂದಕ್ಕೆಳೆದುಕೊಂಡ.

"ಎರಡು ವರ್ಷದ ಹಿಂದೆ ಬಸ್ ನಿಲ್ದಾಣದ ತೊಂಬತ್ತನೇ ನಂಬರು. ತಟ್ಟಿದೆ. ಗಟ್ಟಿ ಅಂತ ಬರೆದೆ. ಒಂಬತ್ತನೇ ದಿನ ಬಿತ್ತು. ಒಬ್ಬ ಹೆಣ್ಣುಮಗಳು ಹೋದಳು. ಕೈಯಲ್ಲಿ ಮಗುವಿಗೆ ತಗೊಂಡ ಹೊಸ ಚಪ್ಪಲಿ ಇತ್ತು. ವಿಚಾರಣೆ ನಡೆಸಿ ನನ್ನ ತಪ್ಪಿಲ್ಲ ಅಂದ್ರು. ಅವತ್ತಿಂದ ಯಾವ ಮರ ತಟ್ಟಿದ್ರೂ ಟೊಳ್ಳು ಅಂತಲೇ ಕೇಳುತ್ತೆ. ಆ ಬೆಂಚಿನ ಮೇಲೆ ದಿನಾ ಹದಿನಾಲ್ಕು ಮಕ್ಕಳು ಕೂರ್ತವೆ ಮೇಡಂ. ಎಣಿಸಿದ್ದೀನಿ. ಮೂರು ಸಲ ಬರೆದುಕೊಟ್ಟೆ."

"ಒಣಮರ ಉಳಿದುಬಿಡುತ್ತೆ, ಕೆಳಗೆ ಜನ ಇದ್ದಾರೆ ಅಂತ ಗೊತ್ತಿರಲಿಲ್ವಾ?"

"ಹದಿನೇಳನ್ನ ಕಡಿದ ತಕ್ಷಣ ಟೊಳ್ಳು ತೋರಿಸಿ, ನಾನೇ ಬದಲಿಸಿದ್ದು ಅಂತ ಎಲ್ಲರೆದುರು ಹೇಳೋದು, ಅದೇ ದಿನ ಹನ್ನೆರಡನ್ನೂ ತೆಗೆಸೋದು ಅಂತಿದ್ದೆ. ಅದಕ್ಕೇ ಅಲ್ಲಿ ಹೋಗಿ ನಿಂತಿದ್ದು." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಟೊಳ್ಳು ಮರದ ಪುಡಿ ಕಂದು ಬರುತ್ತೆ. ಗರಗಸ ಒಳಗೆ ಹೋಯ್ತು. ಬಿಳಿ ಬಂತು. ನಡುವಿನವರೆಗೂ ಬಿಳಿ. ಆಮೇಲೆ ಬಾಯಿ ಏಳಲಿಲ್ಲ."

"ಹನ್ನೆರಡಕ್ಕೆ ಅಪಾಯ ಅಂತ ಒಂದು ಸಹಿ ಹಾಕಿದ್ರೆ ಸಾಕಿತ್ತು."

"ಯಾವ ಕಿವಿ ನಂಬಿ ಹಾಕಲಿ?"

ಹನ್ನೊಂದು ಹತ್ತಕ್ಕೆ ದಸ್ತಗಿರಿ. ಸರ್ಕಾರಿ ಗುರುತು ಬದಲಿಸಿದ್ದು, ಆದೇಶವಿಲ್ಲದೆ ಮರ ಕಡಿಸಿದ್ದು. ಸುತ್ತಿಗೆ ಒಂದು, ಮೊಳೆ ಎರಡು ಜಪ್ತಿ. ಪಂಚನಾಮೆ ಅಂದವಾದ ಅಕ್ಷರದಲ್ಲಿ ವರದಿ ಬರೆಯುತ್ತಿದ್ದರೆ ಇನ್‌ಸ್ಪೆಕ್ಟರ್ ಅವನ ತಲೆಯ ಮೇಲೇ ನಿಂತಿದ್ದಳು.

"ಇವತ್ತೊಂದು ದಿನ ವಕ್ರವಾಗಿ ಬರಿಯೋ ಪುಣ್ಯಾತ್ಮ. ಗಾಳಿ ನಿನ್ನ ಅಕ್ಷರಕ್ಕೆ ಕಾಯಲ್ಲ."

ಒಂದು ಗಂಟೆಗೆ ವರದಿ ತಲುಪಿತು. ಎರಡಕ್ಕೆ ಆದೇಶ ಬಂತು. ಸ್ಥಳ ತೋರಿಸುವ ಮಹಜರಿಗೆಂದು ನಂಬರಣ್ಣನನ್ನು ಕರೆತಂದಾಗ ಗುತ್ತಿಗೆದಾರನ ಆಳುಗಳು ಆಗಲೇ ಹಗ್ಗ ಬಿಚ್ಚುತ್ತಿದ್ದರು. ಚಿಕಿತ್ಸಾಲಯದ ಗೇಟು ಮುಚ್ಚಿತ್ತು. ಹೊಲಿಗೆಯಂತ್ರವನ್ನು ಇಬ್ಬರು ಪೇದೆಗಳು ರಸ್ತೆಯಾಚೆ ಹೊತ್ತು ನಿಂತಿದ್ದರು. ಪರವಾನಗಿ ರದ್ದಾಗದಂತೆ ಇನ್‌ಸ್ಪೆಕ್ಟರ್ ಒಂದು ಚೀಟಿ ಬರೆದುಕೊಟ್ಟಿದ್ದಳು. ಪಶ್ಚಿಮದ ಆಕಾಶ ಬೂದಿಯಾಗುತ್ತಿತ್ತು.

ಭೂಗೋಳದ ಟೀಚರ್ ಕೂಡ ಬಂದಿದ್ದರು. ನಂಬರಣ್ಣನ ಎದುರು ನಿಂತರು.

"ಮಕ್ಕಳಿಗೋಸ್ಕರ ಅಂದ್ರಂತೆ."

"ಹೂಂ ಅಮ್ಮ."

"ಬೆಳಿಗ್ಗೆ ನೋಡ್ದೆ. ಅವು ಬಿಸಿಲಲ್ಲಿ ನಿಂತಿದ್ವು." ಅಷ್ಟೇ ಅಂದು, ಸ್ವಲ್ಪ ತಡೆದು, "ನೀವು ಊಟ ಮಾಡಿದ್ರಾ?" ಎಂದು ಕೇಳಿದರು.

ಗುತ್ತಿಗೆದಾರ ಮರದ ಸುತ್ತ ಎರಡು ಸುತ್ತು ಬಂದು ತಲೆ ಕೆರೆದುಕೊಂಡ. "ಯಾವ ಕಡೆ ಬೀಳುತ್ತೋ ಹೇಳೋದು ಕಷ್ಟ ಮೇಡಂ. ಒಳಗೆ ಹೇಗಿದೆಯೋ."

ಇನ್‌ಸ್ಪೆಕ್ಟರ್ ನಂಬರಣ್ಣನ ಕಡೆ ನೋಡಿದಳು. ಜಪ್ತಿಯಾದ ಸುತ್ತಿಗೆ ಠಾಣೆಯಲ್ಲಿತ್ತು. ಅವನು ಕೈಕೋಳದ ಕೈಯನ್ನೇ ಎತ್ತಿ, ಗೆಣ್ಣಿನಿಂದ ತಟ್ಟಿದ. ಒಂದು ಕಡೆ, ಇನ್ನೊಂದು ಕಡೆ, ಬುಡದ ಹತ್ತಿರ ಕೂತು ಮತ್ತೊಮ್ಮೆ. ಹಣೆಯ ಮೇಲೆ ಬೆವರು ಸಾಲುಗಟ್ಟಿತು.

"ಗೇಟಿನ ಕಡೆ ಪೂರ್ತಿ ಟೊಳ್ಳು," ಅಂದ ಕೊನೆಗೆ. "ಬಿಟ್ಟರೆ ಆ ಕಡೆಗೇ ಕೂರುತ್ತೆ. ಹಗ್ಗ ರಸ್ತೆ ಕಡೆ ಎಳೀರಿ, ಗರಗಸದ ಮೊದಲ ಕಚ್ಚು ರಸ್ತೆ ಕಡೆ ಹಾಕಿ. ಗೇಟಿನ ಕಡೆ ಯಾರೂ ನಿಲ್ಲಬೇಡಿ." ಆಮೇಲೆ ಇನ್‌ಸ್ಪೆಕ್ಟರಿಗೆ ಮಾತ್ರ ಕೇಳುವಂತೆ, "ನನಗೆ ಹಾಗೆ ಕೇಳಿಸ್ತಿದೆ," ಅಂದ.

"ಅವರು ಹೇಳಿದ ಹಾಗೆ ಮಾಡಿ," ಅಂದಳು ಇನ್‌ಸ್ಪೆಕ್ಟರ್.

ಮೂರು ನಲವತ್ತಕ್ಕೆ ಗರಗಸ ಶುರುವಾಯಿತು. ನಂಬರಣ್ಣ ಮರವನ್ನು ನೋಡಲಿಲ್ಲ, ನೆಲವನ್ನೇ ನೋಡುತ್ತಿದ್ದ. ಮೊದಲು ಬೂದು ಪುಡಿ ಉದುರಿತು. ಆಮೇಲೆ ಕಂದು, ಹಳೇ ನಶ್ಯದಂಥ ಕಂದು, ಹಿಡಿ ಹಿಡಿಯಾಗಿ ಅವನ ಚಪ್ಪಲಿಯ ಮೇಲೆ ಸುರಿಯಿತು. ಅವನು ಕಾಲು ಸರಿಸಲಿಲ್ಲ.

ನಾಲ್ಕು ಇಪ್ಪತ್ತೈದಕ್ಕೆ, ಮೊದಲ ಗಾಳಿ ಬೀದಿಯ ತಿರುವಿನಲ್ಲಿ ಧೂಳೆಬ್ಬಿಸುವಾಗ, ಮುನ್ನೂರ ಹನ್ನೆರಡನೇ ಮರ ಹಗ್ಗ ಎಳೆದ ಕಡೆಗೆ, ಖಾಲಿ ರಸ್ತೆಯ ಮೇಲೆ ಉದ್ದಕ್ಕೆ ಮಲಗಿತು. ಇನ್‌ಸ್ಪೆಕ್ಟರ್ ಅದರ ಕಾಂಡದ ಮೇಲೆ ಕೂತಳು. ಐದು ನಿಮಿಷವಾದರೂ ಏಳಲಿಲ್ಲ.