ಕಸದ ಲಾರಿ ಬರುವ ಹೊತ್ತು

"ಇದು ಇರಲಿ. ಇದೂ ಇರಲಿ. ಇದು ಬೇಡ. ಅಯ್ಯಯ್ಯೋ, ಇದಂತೂ ಬೇಡವೇ ಬೇಡ!"

ಹೋಂಗ್ ಅಂಕಲ್ ಇಸ್ಪೀಟು ಹಂಚುವ ಹಾಗೆ ಜೂಯಿನ್‌ಳ ಫೋಟೋಗಳನ್ನು ಮೇಜಿನ ಮೇಲೆ ಎರಡು ಗುಂಪು ಮಾಡುತ್ತಿದ್ದರು. ಅವರು ತೈನಾನ್ ಊರಿನ ಆ ವಾರ್ಡಿಗೆ ಮುಖ್ಯಸ್ಥರು. ಬೆನ್ನ ಮೇಲೆ ದೊಡ್ಡದಾಗಿ ಹೆಸರು ಬರೆಸಿದ್ದ ಹಸಿರು ಜಾಕೆಟ್ಟನ್ನು ಎಂಥ ಸೆಖೆಯಲ್ಲೂ ಬಿಚ್ಚುವವರಲ್ಲ. ಶನಿವಾರ ವಾರ್ಡಿನ ಹಾಲ್‌ನಲ್ಲಿ 'ನಮ್ಮ ಬೀದಿ' ಎಂಬ ಫೋಟೋ ಪ್ರದರ್ಶನವಿತ್ತು. ಯಾರು ಬೇಕಾದರೂ ಫೋಟೋ ತಂದುಕೊಡಿ ಎಂದು ಮೈಕಿನಲ್ಲಿ ಕೂಗಿ ಹೇಳಿದ್ದೂ ಅವರೇ.

'ಇರಲಿ' ಎಂದ ಗುಂಪಿನಲ್ಲಿ ಹುವಾಲಿಯೆನ್ ಊರಿನ ಸಮುದ್ರ ಇತ್ತು, ರೈಲಿನ ಕಿಟಕಿಯಿಂದ ಕಂಡ ಬೆಟ್ಟ ಇತ್ತು. ರಜೆಯಲ್ಲಿ ಅಪ್ಪನ ಜೊತೆ ಹೋದಾಗ ಜೂಯಿನ್ ತೆಗೆದ ಫೋಟೋಗಳು ಅವು. 'ಬೇಡ' ಎಂದ ಗುಂಪು ಇನ್ನೂ ದಪ್ಪಗಿತ್ತು. ಅದರಲ್ಲಿದ್ದವೆಲ್ಲ ಕಸದ ಲಾರಿಯ ಫೋಟೋಗಳು.

ಸಂಜೆ ಲಾರಿ ಹಾಡು ಹಾಕಿಕೊಂಡು ಬಂತೆಂದರೆ ಓಣಿಗೆ ಓಣಿಯೇ ಹೊರಗೆ ಬರುತ್ತದೆ. ಕಸವನ್ನು ರಸ್ತೆಯಲ್ಲಿ ಇಟ್ಟುಹೋಗುವ ಹಾಗಿಲ್ಲ. ಅವರವರ ಚೀಲವನ್ನು ಅವರವರೇ ಲಾರಿಗೆ ಎಸೆಯಬೇಕು. ಲಾರಿಯೋ, ಯಾರಪ್ಪನಿಗೂ ಕಾಯುವುದಿಲ್ಲ. ಹಾಗಾಗಿ ಎಲ್ಲರೂ ಇದ್ದ ಹಾಗೇ ಓಡಿಬರುತ್ತಾರೆ. ಒಬ್ಬರ ಬಾಯಲ್ಲಿ ಬ್ರಷ್ಷು, ಇನ್ನೊಬ್ಬರ ತಲೆಯಲ್ಲಿ ಶಾಂಪೂ ನೊರೆ. ಆ ಹೊತ್ತು ಅಂದರೆ ಜೂಯಿನ್‌ಗೆ ಪ್ರಾಣ. ಚಿಕ್ಕಪ್ಪ ಕೊಟ್ಟ ಹಳೇ ಕ್ಯಾಮೆರಾದಲ್ಲಿ ಬೇಸಿಗೆಯಿಡೀ ಅದನ್ನೇ ಕ್ಲಿಕ್ಕಿಸಿದ್ದಳು.

"ಯಾಕ್ ಬೇಡ ಅಂಕಲ್?"

"ಕಸ ಕಣಮ್ಮ ಇದು! ಬೇರೆ ವಾರ್ಡಿನೋರು ನೋಡೋಕೆ ಬರ್ತಾರೆ. ನಮ್ಮೋರು ಬನಿಯನ್ನಲ್ಲಿ ನಿಂತಿರೋದನ್ನ ತೋರಿಸ್ಲಾ? ನಮ್ಮ ಮರ್ಯಾದೆ ಏನಾಗ್ಬೇಕು? ಸಮುದ್ರ ಚೆನ್ನಾಗಿದೆ. ಅದನ್ನ ಬಾಗಿಲ ಹತ್ರಾನೇ ಹಾಕ್ತೀನಿ."

"ನಮ್ಮ ಬೀದೀಲಿ ಸಮುದ್ರ ಎಲ್ಲಿದೆ?"

ಹೋಂಗ್ ಅಂಕಲ್ ತಲೆಯೆತ್ತಿ ನೋಡಿದರು. ಜೂಯಿನ್‌ಳ ಕಿವಿ ಕೆಂಪಾಗಿತ್ತು. ಅವಳು ಎರಡೂ ಗುಂಪನ್ನು ಬಾಚಿ ಎದೆಗೆ ಒತ್ತಿಕೊಂಡಳು.

"ಹಾಕಿದ್ರೆ ಎಲ್ಲಾ ಹಾಕಿ. ಇಲ್ಲಾಂದ್ರೆ ಒಂದೂ ಬೇಡ."

"ಎಲಾ ಇವಳ! ಸಮುದ್ರಾನಾದ್ರೂ ಕೊಟ್ಟು ಹೋಗೇ!"

"ಕೊಡಲ್ಲ!"

ಮನೆಗೆ ಬಂದು ಚಪ್ಪಲಿ ಎಸೆದ ಸದ್ದಿಗೇ ಅಜ್ಜಿಗೆ ಎಲ್ಲ ತಿಳಿಯಿತು. ಆಕೆ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು.

"ದೊಡ್ಡೋರ ಹತ್ರ ಯಾಕೆ ವಾದ ಮಾಡೋದು? ಹೋಗ್ಲಿ ಬಿಡು."

"ನನ್ನ ಫೋಟೋ ಅಜ್ಜಿ! ಯಾವ್ದು ಚೆನ್ನಾಗಿದೆ, ಯಾವ್ದು ಇಲ್ಲ ಅಂತ ಹೇಳೋಕೆ ಅವ್ರ್ಯಾರು?"

ಅಜ್ಜಿ ಇನ್ನೊಂದು ಬೆಳ್ಳುಳ್ಳಿ ಎತ್ತಿಕೊಂಡಳು. "ಹಿತ್ತಿಲಲ್ಲಿ ಬಟ್ಟೆ ಒಣಗಿಸೋ ಹಗ್ಗ ಇದೆ. ಕ್ಲಿಪ್ಪೂ ಬೇಕಾದಷ್ಟಿದೆ. ನಾನೇನೂ ಹೇಳಿಲ್ಲಪ್ಪ."

ಮಾರನೇ ದಿನ ಸಂಜೆ, ಲಾರಿಗೆ ಕಾಯುವ ಜಾಗದಲ್ಲಿ, ಕರೆಂಟು ಕಂಬದಿಂದ ಅಜ್ಜಿಯ ಕಿಟಕಿಯ ಸರಳಿನವರೆಗೆ ಜೂಯಿನ್ ಹಗ್ಗ ಕಟ್ಟಿದಳು. ಒಂದು ಕ್ಲಿಪ್ಪಿಗೆ ಒಂದು ಫೋಟೋ. ಸಮುದ್ರದ ಪಕ್ಕದಲ್ಲೇ ಕಸದ ಚೀಲ, ಬೆಟ್ಟದ ಪಕ್ಕದಲ್ಲೇ ಶಾಂಪೂ ನೊರೆ. ಯಾರು ಏನಂತಾರೋ ನೋಡೇಬಿಡೋಣ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಜನ ಒಬ್ಬೊಬ್ಬರೇ ಚೀಲ ಹಿಡಿದು ಬಂದರು.

"ಏಯ್, ಇದು ನಾನೇ! ನೊರೆ ನೋಡ್ರೋ!"

"ಸೊಂಟಕ್ಕೆ ಸುತ್ಕೊಂಡಿರೋದು... ಅದೇನು, ಹೆಂಡ್ತಿ ಟವೆಲ್ಲಾ?"

ಓಣಿಯಲ್ಲಿ ನಗುವೋ ನಗು. ಜೂಯಿನ್‌ಗೆ ನೆಲದಿಂದ ಒಂದಡಿ ಮೇಲೆದ್ದ ಹಾಗಾಯಿತು.

ಅಷ್ಟರಲ್ಲಿ ಗುವೋ ಆಂಟಿ ಬಂದರು. ಓಣಿಯ ಮೂಲೆಯಲ್ಲಿ ತಿಂಡಿ ಅಂಗಡಿ ಇಟ್ಟಿರುವವರು. ಫೋಟೋದಲ್ಲಿ ಅವರ ಕೂದಲಿಗೆಲ್ಲ ಗುಂಗುರು ಮಾಡುವ ಗುಲಾಬಿ ಬಣ್ಣದ ಕರ್ಲರು ಸುತ್ತಿತ್ತು. ಒಂದು ಚಪ್ಪಲಿ ಗಾಳಿಯಲ್ಲಿ ಹಾರುತ್ತಿತ್ತು. ಬಾಯಿ ಅಗಲ ತೆರೆದುಕೊಂಡಿತ್ತು. ಜೂಯಿನ್ ತೆಗೆದ ಎಲ್ಲ ಫೋಟೋಗಳಲ್ಲಿ ಅವಳಿಗೆ ತುಂಬ ಇಷ್ಟವಾದದ್ದು ಅದೇ.

ಗುವೋ ಆಂಟಿ ನಗಲಿಲ್ಲ.

"ಯಾರನ್ನ ಕೇಳಿ ತೆಗ್ದೆ ಇದನ್ನ?"

ಜೂಯಿನ್ ಬಾಯಿ ತೆರೆದಳು. ನಿನ್ನೆಯಿಂದ ಹೋಂಗ್ ಅಂಕಲ್‌ಗೆ ಅಂತ ಕಟ್ಟಿಟ್ಟುಕೊಂಡಿದ್ದ ಉತ್ತರಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಈ ಪ್ರಶ್ನೆಗೆ ಅವುಗಳಲ್ಲಿ ಒಂದೂ ಒದಗಲಿಲ್ಲ.

"ಯಾ... ಯಾರನ್ನೂ ಕೇಳ್ಲಿಲ್ಲ ಆಂಟಿ."

ಗುವೋ ಆಂಟಿ ಫೋಟೋ ಕಿತ್ತು ಏಪ್ರನ್ನಿನ ಜೇಬಿಗೆ ತುರುಕಿಕೊಂಡರು. ಖಾಲಿ ಕ್ಲಿಪ್ಪು ಹಗ್ಗದ ಮೇಲೆ ಒಂದು ಸುತ್ತು ತಿರುಗಿ ನಿಂತಿತು.

"ಹಾಗೆ ಹೇಳಿ ಗುವೋ ಅವ್ರೇ!" ಹಿಂದಿನಿಂದ ಹೋಂಗ್ ಅಂಕಲ್ ದನಿ ಬಂತು. ಹಸಿರು ಜಾಕೆಟ್ ಇರಲಿಲ್ಲ. ತೂತುಬಿದ್ದ ಬನಿಯನ್ನು, ಎರಡೂ ಕೈಯಲ್ಲಿ ಕಸದ ಚೀಲ. "ನಾನು ಬೇಡ ಅಂದಿದ್ದಕ್ಕೆ ಬೀದೀಲೇ ಹಾಕಿದಾಳೆ ನೋಡಿ! ತೆಗಿಯಮ್ಮ, ಎಲ್ಲಾನೂ ತೆಗಿ!"

"ತೆಗಿಯಲ್ಲ," ಎಂದಳು ಜೂಯಿನ್. ಹಗ್ಗದ ಮುಂದಿನಿಂದ ಅವಳು ಕದಲಲಿಲ್ಲ.

ಹೋಂಗ್ ಅಂಕಲ್ ಒಂದು ಚೀಲ ಕೆಳಗಿಟ್ಟು ಹಗ್ಗಕ್ಕೆ ಕೈ ಹಾಕಿದರು. ಆ ಕೈಗೆ ಪಟ್ಟನೆ ಒಂದು ಏಟು ಬಿತ್ತು. ಕೊಟ್ಟದ್ದು ಗುವೋ ಆಂಟಿ.

"ನನ್ನ ಮುಖ, ನಾನು ಕಿತ್ಕೊಂಡೆ. ಇವ್ರೆಲ್ಲರ ಮುಖ ತೆಗಿಯೋಕೆ ನೀವ್ಯಾರು?"

"ನಾನು ಮುಖ್ಯಸ್ಥ!"

"ವಾರ್ಡಿಗೆ! ನಮ್ಮ ಮೂತಿಗಲ್ಲ!"

"ನಂದು ಇರಲಿ!" ಎಂದ ನೊರೆಯವನು. "ನಂದು ಬೇಡಪ್ಪ!" ಎಂದಿತು ಇನ್ನೊಂದು ದನಿ. "ಆ ಸಮುದ್ರ ಯಾವೂರಿಂದು?" "ಅಯ್ಯೋ, ಮುಖ್ಯಸ್ಥರ ಹೊಟ್ಟೆ ಇಲ್ಲಿದೆ ಬನ್ರೋ!" ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಸಂತೆಯಲ್ಲೂ ಅಷ್ಟು ಗಲಾಟೆ ಇರುವುದಿಲ್ಲ.

ಕಿಟಕಿಯಿಂದ ಅಜ್ಜಿ ಕಿರುಚಿದಳು. "ಲಾರಿ! ಏಯ್, ಲಾರಿ ಹೋಯ್ತು!"

ಎಲ್ಲರೂ ತಿರುಗಿದರು. ಲಾರಿ ಬಂದಿತ್ತು, ನಿಂತಿತ್ತು, ಹೊರಟೂ ಹೋಗಿತ್ತು. ಹಾಡು ಆಗಲೇ ಮುಂದಿನ ತಿರುವು ದಾಟಿತ್ತು. ಕಸವೆಲ್ಲ ಕೈಯಲ್ಲೇ ಇತ್ತು.

ಆಮೇಲಿನದು ಏನು ಕೇಳುತ್ತೀರಿ! ಓಣಿಗೆ ಓಣಿಯೇ ಲಾರಿಯ ಹಿಂದೆ ಓಡಿತು. ಎಲ್ಲರಿಗಿಂತ ಮುಂದೆ ಹೋಂಗ್ ಅಂಕಲ್, "ನಿಲ್ಸಿ! ನಾನು ಮುಖ್ಯಸ್ಥ!" ಎಂದು ಕೂಗುತ್ತಾ. ಕ್ಯಾಮೆರಾ ಹಿಡಿದು ಜೂಯಿನ್ ಅವರ ಪಕ್ಕದಲ್ಲೇ ಓಡಿದಳು. ಬೆರಳು ಬಟನ್ನಿನ ಮೇಲಿತ್ತು. ಒತ್ತಲಿಲ್ಲ.

"ಅಂಕಲ್, ತೆಗೀಲಾ?"

"ಈಗ್ಲಾ?" ಅವರು ಏದುಸಿರು ಬಿಟ್ಟರು. "ತೆಗಿ, ತೆಗಿ! ಹೊಟ್ಟೆ ಬರ್ಬಾರ್ದು!"

ಮುಂದಿನ ಓಣಿಯಲ್ಲಿ ಲಾರಿ ಸಿಕ್ಕಿತು. ಚೀಲಗಳು ಒಂದರ ಮೇಲೊಂದು ಹಾರಿಬಿದ್ದವು. ಹೋಂಗ್ ಅಂಕಲ್ ಬೆವರು ಒರೆಸಿಕೊಂಡು, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ನೋಡಿ, ಮೆಲ್ಲಗೆ ಹೇಳಿದರು. "ಆಯ್ತಮ್ಮ. ಶನಿವಾರ ಎಲ್ಲಾ ತಗೊಂಡು ಬಾ."

"ಮೊದ್ಲು ಎಲ್ರನ್ನೂ ಕೇಳ್ಬೇಕು ಅಂಕಲ್."

"ನಾನೇ ಹೇಳ್ತಿದೀನಲ್ಲ!"

"ನೀವು ನಿಮ್ದು ಮಾತ್ರ ಹೇಳಿ."

ಗುವೋ ಆಂಟಿ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಒಬ್ಬರೇ ಬಿದ್ದು ಬಿದ್ದು ನಗುತ್ತಿದ್ದರು. ಲಾರಿಯ ಹಳದಿ ದೀಪ ಅವರ ಮುಖದ ಮೇಲೆ ಬಂದು ಬಂದು ಹೋಗುತ್ತಿತ್ತು. ಇಂಥ ಫೋಟೋ ಇನ್ನೊಮ್ಮೆ ಸಿಗುವುದಿಲ್ಲ ಎಂದು ಜೂಯಿನ್‌ಗೆ ಗೊತ್ತಾಯಿತು.

"ಆಂಟಿ, ತೆಗೀಲಾ?"

ಗುವೋ ಆಂಟಿ ಅವಳನ್ನು ನೋಡಿದರು.

"ಬೇಡ ಕಣೇ."

ಜೂಯಿನ್ ಕ್ಯಾಮೆರಾದ ಮುಚ್ಚಳ ಹಾಕಿದಳು. ಚಪ್ಪಲಿ ಹುಡುಕಿ ತಂದುಕೊಟ್ಟಳು.

ಮಾರನೇ ದಿನ ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ತಿಂಡಿ ಅಂಗಡಿಯಲ್ಲಿ ಎಂದಿನ ಹಾಗೆ ನೂಕುನುಗ್ಗಲು. ಜೂಯಿನ್ ಮೊಟ್ಟೆರೊಟ್ಟಿಯ ಪೊಟ್ಟಣಕ್ಕೆ ಕೈ ಚಾಚಿದಳು. ಆಗ ಕಾವಲಿಯ ಹಿಂದೆ, ಗಿರಾಕಿಗಳಿಗೆ ಕಾಣದ ಒಳಮೂಲೆಯಲ್ಲಿ, ಒಂದು ಫೋಟೋ ಅಂಟಿಸಿದ್ದು ಕಣ್ಣಿಗೆ ಬಿತ್ತು. ಸುಕ್ಕಾಗಿದ್ದನ್ನು ತಿಕ್ಕಿ ತಿಕ್ಕಿ ನೇರ ಮಾಡಿದ್ದರು. ಗುಲಾಬಿ ಕರ್ಲರು, ಗಾಳಿಯಲ್ಲಿ ಹಾರುವ ಚಪ್ಪಲಿ.

"ಏನ್ ನೋಡ್ತಿದೀಯ?" ಎಂದರು ಗುವೋ ಆಂಟಿ, ರೊಟ್ಟಿ ಮಗುಚುತ್ತಾ.

"ಏನಿಲ್ಲ ಆಂಟಿ," ಎಂದಳು ಜೂಯಿನ್. ಬಿಸಿ ಪೊಟ್ಟಣವನ್ನು ಕೈಯಿಂದ ಕೈಗೆ ಬದಲಾಯಿಸುತ್ತಾ ಸ್ಕೂಲಿನ ಕಡೆ ಓಡಿದಳು.