ಲೋಹದ ಗಾಜು ಮತ್ತು ತಕರಾರು ಸಾಹೇಬ

"ನಿಮ್ಮ ಫಲಿತಾಂಶದ ಮೇಲೆ ನಂಗೆ ನಂಬಿಕೆ ಇಲ್ಲ!"

ಪರಿಚಯವಿಲ್ಲ, ನಮಸ್ಕಾರವಿಲ್ಲ. ಪ್ರಯೋಗಾಲಯದ ಬಾಗಿಲಲ್ಲಿ ನಿಂತ ಆ ಎತ್ತರದ ಮನುಷ್ಯ ಆಡಿದ ಮೊದಲ ಮಾತೇ ಇದು! ಒಳಗೆ ಕೆಲಸದಲ್ಲಿದ್ದ ಯುವ ಸಂಶೋಧಕಿಗೆ ಮೈಯೆಲ್ಲ ಉರಿಯಿತು.

ಎಷ್ಟು ಒದ್ದಾಡಿದ್ದಳು ಅವಳು! ನಿಕಲ್, ಕಬ್ಬಿಣ, ರಂಜಕವನ್ನು ಕರಗಿಸಿ, ಗಿರ್ರನೆ ತಿರುಗುವ ತಾಮ್ರದ ಚಕ್ರದ ಮೇಲೆ ಸುರಿದು, ಹರಳುಗಟ್ಟಲು ಬಿಡುವೇ ಸಿಗದಂತೆ ಥಟ್ಟನೆ ತಣಿಸಿ ಮಾಡಿದ ತೆಳ್ಳನೆಯ ಪಟ್ಟಿ ಅದು. ಗಾಜಿನ ಹಾಗೆ ಒಳಗೆ ಹರಳೇ ಇಲ್ಲದ ಲೋಹ, ಅಂದರೆ ಲೋಹದ ಗಾಜು. ನೀರಲ್ಲಿಟ್ಟು ವಿದ್ಯುತ್ ಹರಿಸಿದರೆ ಜಲಜನಕದ ಗುಳ್ಳೆಗಳು ಏಳುತ್ತಿದ್ದವು... ದುಬಾರಿ ಪ್ಲಾಟಿನಂಗೆ ಸರಿಸಮನಾಗಿ!

"ಯಾಕಂತೆ ನಂಬಿಕೆ ಇಲ್ಲ?"

"ನೀರಲ್ಲಿ ಪಟ್ಟಿಗೆ ಎದುರಾಗಿ ಇಟ್ಟಿರೋ ಇನ್ನೊಂದು ತಂತಿ ಪ್ಲಾಟಿನಂದು. ಅದೇ ಕರಗಿ ನಿಮ್ಮ ಪಟ್ಟಿ ಮೇಲೆ ಕೂತಿದ್ರೆ? ಕೆಲಸ ಅದರದ್ದು, ಹೆಸರು ನಿಮ್ಮ ಪಟ್ಟೀದು!"

ಛೆ! ಇದು ನನಗೇಕೆ ಹೊಳೆಯಲಿಲ್ಲ? ಒಳಗೊಳಗೇ ಒಪ್ಪಿಕೊಂಡರೂ ಮುಖ ಮಾತ್ರ ಗಂಟಿಕ್ಕಿಕೊಂಡಳು.

ಬೇರೆಯವರ ಪ್ರಯೋಗಗಳನ್ನು ಮತ್ತೆ ಮಾಡಿ ನೋಡುವುದು ಅವನ ಕೆಲಸ. ಎಲ್ಲರೂ ಅವನನ್ನು 'ತಕರಾರು ಸಾಹೇಬ' ಎನ್ನುತ್ತಿದ್ದರು. ಪ್ಲಾಟಿನಂ ತಂತಿ ತೆಗೆದು ಅದರ ಜಾಗಕ್ಕೆ ಗ್ರಾಫೈಟ್ ಕಡ್ಡಿ ಹಾಕಿ, ಇಬ್ಬರೂ ಮೊದಲಿಂದ ಶುರುಮಾಡಿದರು. ಬೆಳಗ್ಗೆ ಜಗಳ, ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಊಟ! ಪಟ್ಟಿಯ ಅಂಚು ತಗುಲಿ ಅವಳ ಬೆರಳು ಕೊಯ್ದ ದಿನ, ಅವನು ಗಾಬರಿಯಲ್ಲಿ ಬ್ಯಾಂಡೇಜಿನ ಇಡೀ ಸುರುಳಿಯನ್ನೇ ಸುತ್ತಿಬಿಟ್ಟ.

"ಇದೇನ್ರೀ, ಬೆರಳಿಗೆ ಕಂಬಳಿ ಹೊದಿಸಿದೀರಾ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದೇ ಅವಳ ಮನಸ್ಸು ಕೈತಪ್ಪಿಹೋಯಿತು...

ಕೊನೆಯ ಪರೀಕ್ಷೆಯ ಹಿಂದಿನ ದಿನ, ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕರೆದು ಹೇಳಿದರು:

"ಅವನು ನಾಳೆ ಬರಲ್ವಂತಮ್ಮ. ನಿನ್ನ ಫಲಿತಾಂಶಕ್ಕೆ ಸಹಿ ಹಾಕಲ್ಲ ಅಂದ. ನಾನೇ ಮಾಡ್ತೀನಿ ಬಿಡು."

ಇಷ್ಟು ದಿನ ಜೊತೆಗಿದ್ದೂ... ಇನ್ನೂ ನನ್ನ ಮೇಲೆ ನಂಬಿಕೆ ಇಲ್ಲವೇ? ಕಾರಣವನ್ನೂ ಕೇಳದೆ ಅವಳು ಹೊರಟುಬಿಟ್ಟಳು.

ಮರುದಿನ ಮೇಡಂ ಸ್ವಿಚ್ ಒತ್ತಿದರು. ಪಟ್ಟಿಯುದ್ದಕ್ಕೂ ಗುಳ್ಳೆಗಳು ಪುಟಪುಟನೆ ಎದ್ದವು. ಪ್ಲಾಟಿನಂ ತಂತಿ ಇಲ್ಲದೆಯೂ ಸಂಜೆಯವರೆಗೆ ವೇಗ ಒಂದಿಷ್ಟೂ ತಗ್ಗಲಿಲ್ಲ!

"ಗೆದ್ದೆ ಕಣೇ!" ಮೇಡಂ ಅವಳನ್ನು ಬಾಚಿ ತಬ್ಬಿಕೊಂಡರು. ಆದರೆ ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಮೇಡಂ ನಕ್ಕರು. "ಹೋಗು, ಹೊರಗಡೆ ಬೆಳಗ್ಗೆಯಿಂದ ಒಬ್ಬ ಗೂಟದ ಹಾಗೆ ನಿಂತಿದಾನೆ."

ಅವಳು ಓಡಿದಳು.

"ಯಾಕೆ ಒಳಗೆ ಬರಲಿಲ್ಲ? ನನ್ನ ಪಟ್ಟಿ ಸುಳ್ಳು ಅಂತಾನಾ?"

"ಅಯ್ಯೋ, ಇಲ್ಲಪ್ಪಾ! ನೀವು ಗೆಲ್ಲಲೇಬೇಕು ಅಂತ ನನ್ನ ಮನಸ್ಸು ಹಟ ಹಿಡಿದಿತ್ತು. ಅಂಥವನು ಪರೀಕ್ಷೆ ಮಾಡಬಾರದು. ನಾಳೆ ಯಾರೂ ನಿಮ್ಮ ಕಡೆ ಬೆರಳು ತೋರಿಸಬಾರದು ನೋಡಿ..."

ಅವಳ ಸಿಟ್ಟೆಲ್ಲ ಜರ್ರನೆ ಇಳಿಯಿತು. ನನಗೋಸ್ಕರವೇ ದೂರ ನಿಂತನೇ ಇವನು?

"ಮನಸ್ಸು ಯಾಕೆ ಹಾಗೆ ಹಟ ಹಿಡೀತು?"

ಅವನ ಕಿವಿ ಕೆಂಪಾಯಿತು. "ಅದು... ನಿಮ್ಮ ಮನೇಲಿ ಯಾರ ಹತ್ರ ಮಾತಾಡಬೇಕು? ಅಪ್ಪನ ಹತ್ರಾನಾ, ಅಣ್ಣನ ಹತ್ರಾನಾ?"

"ಮೊದಲು ನನ್ನ ಹತ್ರ ಮಾತಾಡಿ!"

ಅವನು ಗಂಟಲು ಸರಿಮಾಡಿಕೊಂಡ. "ನನ್ನನ್ನ... ಮದುವೆ ಆಗ್ತೀರಾ?"

ಅವಳು ಅವನ ತೋಳಿಗೆ ಹಣೆ ಆನಿಸಿದಳು.

"ಹೂಂ... ನೀವು ಅಣ್ಣನ ಹತ್ರ ಮಾತಾಡಿ. ಅಪ್ಪನನ್ನ ನಾನು ನೋಡ್ಕೋತೀನಿ."